ದೊಡ್ಡ ಡೇರೆಯ ಹುಚ್ಚು

ಶ್ರಾವಣ ಬಂತು ಅಂದರೆ ಫೇಸ್‌ಬುಕ್ ತುಂಬ ಮಲೆನಾಡಿನ ಡೇರೆ (ಡೇಲಿಯಾ) ಹೂಗಳೇ. ಅದರಲ್ಲೂ ಊಟದ ತಟ್ಟೆಯಷ್ಟು ಅಗಲದ ಹೂವನ್ನು ಮುಖದ ಪಕ್ಕ ಹಿಡಿದು ತೆಗೆಸಿಕೊಂಡ ಫೋಟೊ ಜಾಸ್ತಿ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಗಾತ್ರ ನಮ್ಮ ಮಳೆಗೆ ಹೇಳಿಸಿದ್ದಲ್ಲ ಅನ್ನುವುದು ನನ್ನ ತಕರಾರು.

ಡೇರೆಯ ತವರು ಮೆಕ್ಸಿಕೊದ ಗುಡ್ಡಗಾಡು. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ಅಲ್ಲೂ ಮಳೆ ಸುರಿಯುವುದು ಹೆಚ್ಚುಕಡಿಮೆ ನಮ್ಮ ಮಳೆಗಾಲದ ತಿಂಗಳುಗಳಲ್ಲೇ. ಆಮೇಲೆ ಒಣಗಾಲ. ಮಳೆಯಲ್ಲಿ ಬೆಳೆದು ಹೂಬಿಟ್ಟು, ನೀರಿಲ್ಲದಾಗ ಗಡ್ಡೆಯೊಳಗೆ ಮಲಗಿಬಿಡುವ ಗಿಡ ಇದು. ಹಾಗಾಗಿಯೇ ಸಾಗರ, ಶಿರಸಿ ಕಡೆ ಎರಡು ಮಳೆ ಬಿದ್ದರೆ ಸಾಕು, ಅಂಗಳದ ಅಂಚಿನಲ್ಲಿ ತಾನಾಗೇ ಚಿಗುರುತ್ತದೆ. ಬೆಂಗಳೂರಿನವರಿಗೆ ಇದು ಚಳಿಗಾಲದ ಕುಂಡದ ಗಿಡ, ಲಾಲ್‌ಬಾಗಿನ ಜನವರಿ ಪ್ರದರ್ಶನದಲ್ಲಿ ನೋಡುವಂಥದ್ದು. ನಮ್ಮಲ್ಲಿ ಗೌರಿ ಹಬ್ಬಕ್ಕೆ ಮುಡಿಯುವ ಹೂವು. ಪರಿಮಳ ಇಲ್ಲ ಅಂತ ಯಾರೂ ಮೂಗು ಮುರಿಯುವುದಿಲ್ಲ.

ಆದರೆ ಮೆಕ್ಸಿಕೊದ ಮಳೆಯೇ ಬೇರೆ, ಆಗುಂಬೆಯ ಮಳೆಯೇ ಬೇರೆ ಅಲ್ವಾ? ಆಗುಂಬೆಯಲ್ಲಿ ವರ್ಷದ ಸರಾಸರಿ 7000 ಮಿಲಿಮೀಟರ್ ಮೀರುತ್ತದೆ. ಒತ್ತೊತ್ತಾದ ಎಸಳಿನ ದೊಡ್ಡ ಹೂವಿನೊಳಗೆ ನೀರು ನಿಂತರೆ ಇಳಿಯುವುದಿಲ್ಲ. ಡೇರೆಯ ದಂಟು ಟೊಳ್ಳು, ಆ ಭಾರಕ್ಕೆ ಕತ್ತು ಬಾಗಿ ಒಂದು ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಮುರಿಯದಿದ್ದರೆ ಹಿಂದಿನ ಎಸಳು ಕೊಳೆಯುತ್ತದೆ. ಇನ್ನು ಹೂವು ದೊಡ್ಡದಾಗಲಿ ಅಂತ ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿರುತ್ತೀರಿ. ಹೋಯಿತು, ಒಂದೂ ಇಲ್ಲ.

ಒಂಟಿ ಸುತ್ತಿನ ಡೇರೆ ನೋಡಿ. ಸುಮಾರು ಎಂಟು ಎಸಳು, ನಡುವೆ ಸಣ್ಣ ಸಣ್ಣ ಹೂಗಳ ಹಳದಿ ಗುಂಪು. ನೀರು ಜಾರಿ ಹೋಗುತ್ತದೆ. ಮಳೆ ಹೊಳವಾದ ತಕ್ಷಣ ಜೇನು ಬಂದು ಕೂರುತ್ತದೆ. ದೊಡ್ಡ ಹೂವಿನಲ್ಲಿ ನಡುವಿನ ಸಣ್ಣ ಹೂಗಳೆಲ್ಲ ಎಸಳಾಗಿ ಮಾರ್ಪಟ್ಟಿರುತ್ತವೆ, ಜೇನಿಗೆ ಅಲ್ಲಿ ಸಿಗುವುದು ಅಷ್ಟಕ್ಕಷ್ಟೇ. ವೇಲ್ಸ್‌ನಲ್ಲಿ 1924ರಲ್ಲಿ ಬೆಳೆಸಿದ 'ಬಿಷಪ್ ಆಫ್ ಲ್ಯಾಂಡಾಫ್' ಅನ್ನುವ ತಳಿಯ ಹೂವೂ ದೊಡ್ಡದೇನಲ್ಲ. ಕಪ್ಪು ಛಾಯೆಯ ಎಲೆ, ಕೆಂಪು ಹೂವು. ಅಲ್ಲಿನವರು ನೂರು ವರ್ಷವಾದರೂ ಅದನ್ನು ಬಿಟ್ಟಿಲ್ಲ.

ಆರೈಕೆ ಅಂತ ದೊಡ್ಡದೇನಿಲ್ಲ. ಏರಿ ಮಾಡಿ ನೆಡಿ, ಬುಡದಲ್ಲಿ ನೀರು ನಿಲ್ಲಬಾರದು. ಗಿಡ ಮೊಣಕಾಲೆತ್ತರ ಆಗುವ ಮೊದಲೇ ಕುಡಿ ಚಿವುಟಿ, ಕವಲೊಡೆಯುತ್ತದೆ. ಗಿಡಕ್ಕೆ ಆಸರೆಯಾಗುವ ಅಡಿಕೆ ದಬ್ಬೆಯನ್ನು ಗಡ್ಡೆ ಊರುವಾಗಲೇ ಹುಗಿಯಿರಿ. ಆಮೇಲೆ ಹುಗಿದರೆ ಗಡ್ಡೆಗೇ ಚುಚ್ಚುತ್ತದೆ. ಬಾಡಿದ ಹೂವು ತೆಗೆಯುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ಗುಂಡಗಿದ್ದರೆ ಹೊಸ ಮೊಗ್ಗು, ಚೂಪಾಗಿದ್ದರೆ ಎಸಳು ಉದುರಿದ ಹಳೆಯದು. ಗುರುತಿಟ್ಟುಕೊಂಡು ಚಿವುಟಿ.

ಆನ್‌ಲೈನ್‌ನಲ್ಲಿ ಗಡ್ಡೆ ತರಿಸುವವರಿಗೆ ಒಂದು ಮಾತು. ಗಡ್ಡೆ ಎಷ್ಟು ದಪ್ಪವಿದ್ದರೇನು, ಕತ್ತಿನ ಹತ್ತಿರ ಕಣ್ಣು ಇಲ್ಲದಿದ್ದರೆ ಚಿಗುರುವುದಿಲ್ಲ. ನನಗೆ ಹಾಗೆ ಬಂದ ಒಂದು ಪೊಟ್ಟಣದಲ್ಲಿ ಕಣ್ಣಿದ್ದದ್ದು ಒಂದೂ ಇಲ್ಲ. ದುಡ್ಡು ಮಾತ್ರ ಸರಿಯಾಗಿ ತಗೊಂಡಿದ್ದರು. ಪಕ್ಕದ ಮನೆ ಅಕ್ಕನ ಹತ್ತಿರ ಕೇಳಿದರೆ ಕಣ್ಣು ನೋಡಿಯೇ ಮುರಿದು ಕೊಡುತ್ತಾರೆ, ಜತೆಗೆ ಕಾಫಿ ಬೇರೆ.

ಅಂದಹಾಗೆ, ಒಂಟಿ ಸುತ್ತಿನ ಕಡುಗೆಂಪು ಯಾರ ಮನೆಯಲ್ಲಾದರೂ ಇದೆಯಾ? ಗಿಡ ಒಣಗಿದ ಮೇಲೆ ನನಗೊಂದು ಗಡ್ಡೆ ಎತ್ತಿಡಿ. ಬದಲಿಗೆ ಹಳದಿ ಕೊಡುತ್ತೇನೆ.