ಡಬ್ಬದ ಮೇಲಿನ ಲ್ಯೂಮೆನ್, ಗೋಡೆಯ ಮೇಲಿನ ಬೆಳಕು

ಚಳ್ಳಕೆರೆ ಸೀಮೆಯ ನಮ್ಮೂರಿನ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಚಂದಾ ಎತ್ತಿ ಒಂದು ಪ್ರೊಜೆಕ್ಟರ್ ಕೊಡಿಸಿದೆವು. ಡಬ್ಬದ ಮೇಲೆ 9,000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದೂ 1080ಪಿ ಎಂದೂ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಪ್ಪಿಸಿದ ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಕಿಟಕಿಗಳೆಲ್ಲ ತೆರೆದಿದ್ದ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಜೀವಕೋಶದ ಚಿತ್ರ ಹಾಕಿದರೆ ಗೋಡೆಯ ಮೇಲೆ ಮಸುಕು ಮಸುಕಾದ ಒಂದು ಛಾಯೆ ಬಿಟ್ಟು ಏನೂ ಮೂಡಲಿಲ್ಲ. "ಅಕ್ಷರ ಕಾಣಲ್ಲ ಸಾರ್" ಎಂದು ಮುಂದಿನ ಸಾಲಿನ ಹುಡುಗಿಯೇ ಹೇಳಿದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಡಬ್ಬದೊಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, 200 ಆನ್ಸಿ ಲ್ಯೂಮೆನ್ ಎಂದು ಬರೆದಿತ್ತು. ಆನ್ಸಿ ಎಂದರೆ ಅಮೆರಿಕದ ಮಾನದಂಡ ಸಂಸ್ಥೆ; ಅದರ ವಿಧಾನದಲ್ಲಿ ಪರದೆಯನ್ನು ಒಂಬತ್ತು ಸಮಭಾಗ ಮಾಡಿ, ಪ್ರತಿ ಭಾಗದ ನಡುವೆ ಬೀಳುವ ಬೆಳಕನ್ನು ಅಳೆದು, ಅದರ ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸುತ್ತಾರೆ. ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೇ ಬಗೆಯದು. ಅಂದರೆ ಲೆನ್ಸ್ ದಾಟಿ ಹೊರಬಂದು ನಮಗೆ ದಕ್ಕುವ ಬೆಳಕಿನ ಲೆಕ್ಕ ಅದು. ಆನ್ಸಿ, ಐಎಸ್‌ಒ ಎಂಬ ಹೆಸರಿಲ್ಲದ ಬರಿಯ ಲ್ಯೂಮೆನ್ ಸಂಖ್ಯೆಯನ್ನು ಎಲ್ಲಿ, ಹೇಗೆ ಅಳೆದರೆಂದು ತಿಳಿಯುವಂತಿಲ್ಲವಾದ್ದರಿಂದ ಅದನ್ನು ನೆಚ್ಚಿ ಹಣ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಚಿತ್ರದ ಅಗಲ 2.4 ಮೀಟರ್, ಎತ್ತರ 1.35 ಮೀಟರ್, ವಿಸ್ತೀರ್ಣ ಸುಮಾರು 3.24 ಚದರ ಮೀಟರ್. 200 ಲ್ಯೂಮೆನ್ ಬೆಳಕು ಅಷ್ಟು ಜಾಗಕ್ಕೆ ಹರಡಿದಾಗ ಸಿಗುವುದು 62 ಲಕ್ಸ್, ಅಂದರೆ ಚದರ ಮೀಟರಿಗೆ 62 ಲ್ಯೂಮೆನ್. ಕಿಟಕಿಯಿಂದ ಬರುವ ಹಗಲು ಬೆಳಕೇ ಆ ಗೋಡೆಯ ಮೇಲೆ 300 ಲಕ್ಸ್ ಇದ್ದರೆ ಚಿತ್ರದ ಬಿಳಿ ಭಾಗಕ್ಕೆ ಒಟ್ಟು 362, ಕಪ್ಪು ಭಾಗಕ್ಕೆ 300. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಬೆಳಕು ಬೀಳದ ಗೋಡೆಯ ಬಣ್ಣವೇ ಅದರ ಕಪ್ಪು. ಬಿಳಿಗೂ ಕಪ್ಪಿಗೂ ಇರುವ ಈ ಅನುಪಾತಕ್ಕೇ ಕಾಂಟ್ರಾಸ್ಟ್ ಎನ್ನುತ್ತಾರೆ. ನಮ್ಮದು 1.2ಕ್ಕೆ 1 ಆಯಿತು. ಅದೇ ಕೋಣೆಯಲ್ಲಿ 3,000 ಆನ್ಸಿ ಲ್ಯೂಮೆನ್ ಇದ್ದಿದ್ದರೆ 4ಕ್ಕೆ 1 ದೊರೆತು ಪಾಠ ಓದುವಂತಾಗುತ್ತಿತ್ತು. ಡಬ್ಬದ ಮೇಲೆ ಹತ್ತು ಸಾವಿರಕ್ಕೆ ಒಂದು ಎಂದು ಅಚ್ಚಾಗುವ ಕಾಂಟ್ರಾಸ್ಟ್ ಕತ್ತಲೆ ಕೋಣೆಯ ಮಾತು. ಬೆಳಕಿರುವ ತರಗತಿಯಲ್ಲಿ ಕಾಂಟ್ರಾಸ್ಟನ್ನು ತೀರ್ಮಾನಿಸುವುದು ಕಿಟಕಿ.

ಇನ್ನು 1080ಪಿ. ಪುಸ್ತಿಕೆಯಲ್ಲಿದ್ದ ಪದ ಸಪೋರ್ಟ್, ಎಂದರೆ 1920×1080ರ ವಿಡಿಯೊವನ್ನು ಯಂತ್ರ ಸ್ವೀಕರಿಸುತ್ತದೆ ಎಂದಷ್ಟೇ. ನೇಟಿವ್ ರೆಸಲ್ಯೂಷನ್, ಅಂದರೆ ಒಳಗಿನ ಫಲಕದಲ್ಲಿ ನಿಜವಾಗಿ ಇರುವ ಚುಕ್ಕಿಗಳು, 1280×720. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳ ಚಿತ್ರವನ್ನು ಒಂಬತ್ತು ಲಕ್ಷ ಚುಕ್ಕಿಗಳಿಗೆ ಇಳಿಸಿ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಅಷ್ಟಾಗಿ ತಿಳಿಯದೇ ಹೋಗಬಹುದು, ಆದರೆ ಕನ್ನಡ ಪಾಠ ಓದುವ ಮಕ್ಕಳಿಗೆ ಮೊದಲು ಕರಗುವುದೇ ಒತ್ತಕ್ಷರ. ಫಕಾರದ ಬಾಲ ಮಾಸಿದರೆ ಫಕಾರವೂ ಪಕಾರವೂ ಒಂದೇ ಆಗಿ ಕಾಣುತ್ತವೆ. ಯಂತ್ರವನ್ನು ಓರೆಯಾಗಿಟ್ಟು ಕೀಸ್ಟೋನ್ ಗುಂಡಿಯಿಂದ ಚಿತ್ರವನ್ನು ಚೌಕಕ್ಕೆ ತಂದರೆ ಇನ್ನಷ್ಟು ಚುಕ್ಕಿಗಳು ಕಳೆಯುತ್ತವೆ, ಆದ್ದರಿಂದ ನೇರವಾಗಿ ಇಡುವುದೇ ಲೇಸು.

ಥ್ರೋ ರೇಷಿಯೊ ಎಂಬುದು ಪ್ರೊಜೆಕ್ಟರಿನಿಂದ ಗೋಡೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಸಂಖ್ಯೆ. ಅದು 1.5 ಇದ್ದರೆ 2.4 ಮೀಟರ್ ಅಗಲಕ್ಕೆ 3.6 ಮೀಟರ್ ದೂರ ಬೇಕು. ಕೊಳ್ಳುವ ಮೊದಲು ಟೇಪು ಹಿಡಿದು ತರಗತಿಯನ್ನು ಅಳೆದರೆ ಸಾಕು. ದೀಪದ ಆಯುಸ್ಸು, ಲೇಸರ್ ಇತ್ಯಾದಿಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ದರಪಟ್ಟಿ ಕೇಳುವಾಗ ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ ಎಷ್ಟು, ನೇಟಿವ್ ರೆಸಲ್ಯೂಷನ್ ಎಷ್ಟು, ಥ್ರೋ ರೇಷಿಯೊ ಎಷ್ಟು ಎಂಬ ಮೂರನ್ನು ಬರವಣಿಗೆಯಲ್ಲಿ ಕೊಡಿ ಎಂದು ನಾವು ಅಂದು ಕೇಳಬೇಕಿತ್ತು. ಬೇರೆ ಊರಿನ ಹಳೆಯ ವಿದ್ಯಾರ್ಥಿಗಳು, ಎಸ್‌ಡಿಎಂಸಿ ಸದಸ್ಯರು ದಯವಿಟ್ಟು ಕೇಳಿ ಪಡೆಯಿರಿ; ಚಂದಾ ಕೊಟ್ಟವರಲ್ಲಿ ಶೇಂಗಾ ಮಾರಿದ ದುಡ್ಡಿನಲ್ಲಿ ಐನೂರು ರೂಪಾಯಿ ತೆಗೆದಿಟ್ಟವರೂ ಇರುತ್ತಾರೆ.

ನಮ್ಮ ಪ್ರೊಜೆಕ್ಟರನ್ನು ಮೇಷ್ಟ್ರು ಈಗ ಕಿಟಕಿಯಿಲ್ಲದ ಉಗ್ರಾಣದ ಕೋಣೆಗೆ ಸಾಗಿಸಿ, ಚಿತ್ರದ ಅಗಲವನ್ನು 1.2 ಮೀಟರಿಗೆ ಇಳಿಸಿದ್ದಾರೆ. ಅಗಲ ಅರ್ಧವಾದಾಗ ಅದೇ ಬೆಳಕು ಕಾಲುಭಾಗ ಜಾಗಕ್ಕೆ ಬಿದ್ದು ಚಿತ್ರ ನಾಲ್ಕು ಪಟ್ಟು ಬೆಳಗುತ್ತದೆ. ಒಮ್ಮೆಗೆ ಹದಿನೈದು ಮಕ್ಕಳು ಕೂತು ಜೀವಕೋಶದ ಭಾಗಗಳ ಹೆಸರು ಓದುತ್ತಾರೆ.