ಕ್ಯಾಂಬರ್ ಕೆಂಪಿದ್ದರೂ ‘ಆಯ್ತು ಸರ್, ಗಾಡಿ ತಗೊಂಡ್ಹೋಗಿ’

ಮುಂದಿನ ಎಡ ಚಕ್ರದ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೈನಸ್ 1°10' (ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ), ಬಲದ್ದು ಮೈನಸ್ 0°10'. ಅಲೈನ್‌ಮೆಂಟ್ ಶೀಟಿನಲ್ಲಿ ಪೂರ್ತಿ ಒಂದು ಡಿಗ್ರಿ ವ್ಯತ್ಯಾಸ ಕಣ್ಣಿಗೆ ರಾಚುತ್ತಿರುತ್ತದೆ. ಅಂಗಡಿಯವರನ್ನು ಕೇಳಿದರೆ, ‘ಈ ಗಾಡೀಲಿ ಕ್ಯಾಂಬರ್ ಅಡ್ಜಸ್ಟ್ ಬರಲ್ಲ ಸರ್, ಟೋ ಗ್ರೀನ್ ಮಾಡಿದೀನಿ’ ಅನ್ನುತ್ತಾರೆ. ದುಡ್ಡು ಮಾತ್ರ ಪೂರ್ತಿ!

ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸ್ಕ್ರೀನಿನಲ್ಲಿ ಹಸಿರಾದರೆ ಗಾಡಿ ಒಂದು ಕಡೆಗೆ ಎಳೆಯುವುದು ನಿಲ್ಲುತ್ತದೆಯೇ? ಕ್ಯಾಂಬರ್ ಯಾವ ಕಡೆ ಹೆಚ್ಚು ಪಾಸಿಟಿವ್ ಇದೆಯೋ ಗಾಡಿ ಆ ಕಡೆಗೆ ಎಳೆಯುತ್ತದೆ. ಈ ಶೀಟಿನ ಪ್ರಕಾರ ಬಲಕ್ಕೆ, ಅಂದರೆ ಎದುರಿಂದ ಬರುವ ಲಾರಿಯ ಕಡೆಗೆ. ಎಡಬಲ ವ್ಯತ್ಯಾಸ ಸಾಮಾನ್ಯವಾಗಿ ಅರ್ಧ ಡಿಗ್ರಿಯೊಳಗೆ (30') ಇರಬೇಕು. ಇಲ್ಲಿರುವುದು ಅದರ ಎರಡು ಪಟ್ಟು.

ಇನ್ನು ಕೆಲವರು ‘ಕ್ಯಾಂಬರ್‌ಗೆ ಎಕ್ಸ್‌ಟ್ರಾ ಆಗುತ್ತೆ’ ಎಂದು ಹೈಡ್ರಾಲಿಕ್ ಜಾಕ್ ತಂದು ಸ್ಟ್ರಟ್ಟನ್ನೇ (ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ) ಬಗ್ಗಿಸುತ್ತಾರೆ. ಇದನ್ನು ನೋಡಿದರೆ ಮೈ ಉರಿಯುತ್ತದೆ. ಯಾವ ಪಾರ್ಟ್ ಕೆಟ್ಟಿದೆ ಎಂದು ನೋಡದೆ ನೆಟ್ಟಗಿದ್ದುದನ್ನು ಸೊಟ್ಟ ಮಾಡಿ, ಸ್ಕ್ರೀನ್ ಹಸಿರು ಮಾಡಿ ಕಳಿಸುವುದು ರಿಪೇರಿಯೇ?

ಉತ್ತರ ಅದೇ ಮಷೀನಿನಲ್ಲಿದೆ. ಎಸ್‌ಎಐ, ಅಂದರೆ ಸ್ಟೇರಿಂಗ್ ತಿರುಗುವ ಅಕ್ಷ ಒಳಕ್ಕೆ ವಾಲಿರುವ ಕೋನ, ಅಳೆಯಲು ಬ್ರೇಕ್ ಒತ್ತಿ ಹಿಡಿದು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಐದು ನಿಮಿಷದ ಕೆಲಸ, ಅದಕ್ಕೂ ಸೋಮಾರಿತನ. ಎಡ ಚಕ್ರಕ್ಕೆ 13°50', ಬಲ ಚಕ್ರಕ್ಕೆ 12°50' ಬಂತು ಅನ್ನಿ. ಅದಕ್ಕೆ ಆಯಾ ಕಡೆಯ ಕ್ಯಾಂಬರ್ ಕೂಡಿಸಿದರೆ (ಮೈನಸ್ ಇದ್ದುದರಿಂದ ಕಳೆದರೆ) ಎರಡೂ ಕಡೆ 12°40'. ಮೊತ್ತ ಸಮ ಇದ್ದರೆ ಸ್ಟ್ರಟ್, ನಕಲ್ (ಚಕ್ರ ಕೂರುವ ಲೋಹದ ತುಂಡು) ಬಗ್ಗಿಲ್ಲ ಎಂದರ್ಥ. ಈ ಕೋನ ಎಡಕ್ಕೆ ಹೆಚ್ಚಿದಷ್ಟೇ ಬಲಕ್ಕೆ ಕಡಿಮೆಯಾಗಿರುವುದರಿಂದ ಮೊದಲ ಅನುಮಾನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊತ್ತಿರುವ ಕೆಳಗಿನ ಚೌಕಟ್ಟು) ಎಡಕ್ಕೆ ಸರಿದಿದೆ ಎಂಬುದು. ಕ್ಲಚ್ ಕೆಲಸಕ್ಕೆ ಅದನ್ನು ಇಳಿಸಿ, ಗುರುತು ನೋಡದೆ ಮತ್ತೆ ಏರಿಸಿದರೆ ಹೀಗೇ ಆಗುವುದು. ಐದೇ ಮಿಲಿಮೀಟರ್ ಸರಿದರೂ ಒಂದೊಂದು ಕಡೆ ಕ್ಯಾಂಬರ್ ಹೆಚ್ಚುಕಡಿಮೆ ಅರ್ಧ ಡಿಗ್ರಿ ತಪ್ಪುತ್ತದೆ. ಮೊತ್ತವೇ ಬೇರೆ ಬೇರೆ ಬಂದಿದ್ದರೆ ಮಾತ್ರ ಸ್ಟ್ರಟ್ ಅಥವಾ ನಕಲ್ ಮೇಲೆ ಕಣ್ಣಿಡಬೇಕು.

ಇದೆಲ್ಲಕ್ಕೂ ಮೊದಲು ನಾಲ್ಕೂ ಟೈರಿನ ಗಾಳಿ, ಬಾಲ್ ಜಾಯಿಂಟ್ ಪ್ಲೇ (ಸಡಿಲ ಅಲುಗಾಟ), ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದ ತೋಳಿನ ರಬ್ಬರ್) ನೋಡಲೇಬೇಕು. ಮುಂದಿನ ಎರಡು ಟೈರ್ ಅದಲುಬದಲು ಮಾಡಿ ಓಡಿಸಬೇಕು. ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದು. ಬುಷ್ ಹರಿದ ಗಾಡಿಗೆ ಅಲೈನ್‌ಮೆಂಟ್ ಮಾಡಿ ದುಡ್ಡು ಇಸ್ಕೊಳ್ಳುವುದು ಮೋಸ.

ಇವೆಲ್ಲ ಸರಿ ಇದ್ದರೆ ಸಬ್‌ಫ್ರೇಮ್ ಬೋಲ್ಟ್ ಸಡಿಲಿಸಿ, ಬಲಕ್ಕೆ ತಳ್ಳಿ, ಕ್ಯಾಂಬರ್ ನೋಡಿಕೊಂಡು ಬಿಗಿ ಮಾಡಿ. ಟೋ ಕೊನೆಗೆ. ಮೊದಲೇ ಟೋ ಇಟ್ಟರೆ ಕ್ಯಾಂಬರ್ ಬದಲಾದಾಗ ಅದೂ ಕೆಡುತ್ತದೆ, ಟೈರಿನ ಅಂಚು ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಬೋಲ್ಟಿಗೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ. ಬೋಲ್ಟ್ ಬಿಗಿಯುವ ಗನ್ನಿನಲ್ಲಿ ಟರ್ರೆನಿಸಿ ಬಿಟ್ಟರೆ ಮುಂದಿನ ದೊಡ್ಡ ಗುಂಡಿಗೆ ಸಬ್‌ಫ್ರೇಮ್ ಮತ್ತೆ ಜರುಗಬಹುದು.