ಗೋದಾಮು ಗಟ್ಟಿ ಐತಪ್ಪ, ಆದ್ರೆ...

1998ರ ಜನವರಿಯಲ್ಲಿ ನಾನು ಕ್ವಾಲಾಲಂಪುರದಿಂದ ದಾವಣಗೆರೆಗೆ ಕಳಿಸುತ್ತಿದ್ದ ದುಡ್ಡು ಕಣ್ಣೆದುರೇ ಕರಗಿತು. ಆರು ತಿಂಗಳ ಹಿಂದೆ ಮಲೇಷ್ಯಾದ ಒಂದು ರಿಂಗಿಟ್‌ಗೆ 14 ರೂಪಾಯಿ ಬರುತ್ತಿತ್ತು. ಈಗ 9 ಸಿಕ್ಕರೆ ಹೆಚ್ಚು. ಸಂಬಳ ಅದೇ, ಕೆಲಸ ಅದೇ. 'ಯಾಕಪ್ಪ ಕಡಿಮೆ ಕಳಿಸಿದೀಯ?' ಅಂತ ಮನೆಯಿಂದ ಫೋನು.

ಏಷ್ಯಾದ ಆ ಹಣಕಾಸು ಬಿಕ್ಕಟ್ಟು ಶುರುವಾಗಿದ್ದು ಥಾಯ್ಲೆಂಡಿನಲ್ಲಿ. ಅಲ್ಲಿನವರು ಡಾಲರಿನಲ್ಲಿ ಸಾಲ ತಂದು, ತಮ್ಮ ದುಡ್ಡಾದ ಬಾತ್‌ನಲ್ಲಿ ಬಾಡಿಗೆ ಬರುವ ಕಟ್ಟಡಗಳನ್ನು ಕಟ್ಟಿದ್ದರು. 1997ರ ಜುಲೈ 2ರಂದು ಸರ್ಕಾರ ಬಾತ್‌ನ ಬೆಲೆ ಹಿಡಿದಿಡುವುದನ್ನು ಕೈಬಿಟ್ಟಿತು. 25 ಬಾತ್‌ಗೆ ಸಿಗುತ್ತಿದ್ದ ಡಾಲರಿಗೆ ಆರೇ ತಿಂಗಳಲ್ಲಿ 50ಕ್ಕಿಂತ ಜಾಸ್ತಿ. ಹೊಸದಾಗಿ ಒಂದು ಕಾಸು ತರದಿದ್ದರೂ ಸಾಲ ಎರಡರಷ್ಟಾಯಿತು. ಆ ಭಯ ಪಕ್ಕದ ಮಲೇಷ್ಯಾಕ್ಕೂ ಹಬ್ಬಿ ರಿಂಗಿಟ್ ಕೂಡ ಬಿತ್ತು.

ಆ ಬೇಸಿಗೆ ಊರಿಗೆ ಬಂದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಪೇಪರಿನ ಮೇಲೆ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಅವರು ಮಿರ್ಚಿ ತುಂಡು ಮಾಡುತ್ತಾ, 'ಹಂಗಾದ್ರೆ ಅದು ನಂದೇ ಕಥೆ ಬಿಡು' ಅಂದರು. ನಾಲ್ಕಾರು ಕಡೆ ಕೈಗಡ ತಂದು ಗೋದಾಮು ಕಟ್ಟಿಸಿದ್ದರು. ಕೇಳಿದಾಗ ಕೊಡಬೇಕಾದ ದುಡ್ಡು ಅದು. ಯಾರೋ ಒಬ್ಬರು ಕೇಳಿದರು. ಸುದ್ದಿ ಹಬ್ಬಿತು, ಉಳಿದವರೂ ಒಂದೇ ವಾರದಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಬಂದು ಕೂತರು. 'ಗೋದಾಮು ಗಟ್ಟಿ ಐತಪ್ಪ. ಆದ್ರೆ ಇಟ್ಟಿಗೆ ಕಿತ್ತು ಕೊಡಾಕಾಗುತ್ತಾ?'

ಭಾರತದ ಗಲ್ಲಾಪೆಟ್ಟಿಗೆ ಮುಂದೆ ಸಾಲ ಕೊಟ್ಟವರು ಅಷ್ಟು ಜನ ಬಂದು ಕೂರಲಿಲ್ಲ. ಡಾಲರಿಗೆ ರೂಪಾಯಿ 36ರಿಂದ 40ರ ಹತ್ತಿರಕ್ಕೆ ಹೋಯಿತು, ಅಷ್ಟೇ. 1991ರಲ್ಲಿ 47 ಟನ್ ಚಿನ್ನ ಅಡವಿಟ್ಟ ದೇಶ ನಮ್ಮದು. ಅದಾದ ಮೇಲೆ ಸಣ್ಣ ಅವಧಿಯ ಡಾಲರ್ ಸಾಲ ಅಂದರೆ ಭಯ. ಆದರೂ ಇದನ್ನು ಪೂರ್ತಿ ನಮ್ಮ ಜಾಣತನ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ದೇಶದೊಳಗೆ ಹೊರಗೆ ಓಡಾಡುವ ಬಂಡವಾಳಕ್ಕೆ ಮೂರು ವರ್ಷದಲ್ಲಿ ಬಾಗಿಲು ತೆರೆಯಬಹುದು ಅಂತ ರಿಸರ್ವ್ ಬ್ಯಾಂಕ್ ನೇಮಿಸಿದ್ದ ತಾರಾಪೋರ್ ಸಮಿತಿ ವರದಿ ಕೊಟ್ಟಿದ್ದೇ 1997ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಬ್ಯಾಂಕಾಕ್ ಬಿತ್ತು, ವರದಿ ಪಕ್ಕಕ್ಕೆ ಹೋಯಿತು. ಅರ್ಧ ಎಚ್ಚರ, ಅರ್ಧ ನಿಧಾನ. ನಿಧಾನವೇ ಕಾಪಾಡಿತು ಅಂದರೂ ತಪ್ಪಿಲ್ಲ.

ಮಲೇಷ್ಯಾದ್ದು ಉಲ್ಟಾ. ಬಾಗಿಲು ತೆರೆದಿದ್ದವರು 1998ರ ಸೆಪ್ಟೆಂಬರಿನಲ್ಲಿ ದಡಾರನೆ ಹಾಕಿಕೊಂಡರು. ಆಗಿನ ಪ್ರಧಾನಿ ಮಹಾತಿರ್ ಡಾಲರಿಗೆ 3.80 ರಿಂಗಿಟ್ ಅಂತ ಕಟ್ಟಿಹಾಕಿದರು. ಹೊರಗಿನವರು ಷೇರು ಮಾರಿದ ದುಡ್ಡನ್ನು ಒಂದು ವರ್ಷ ಒಯ್ಯುವಂತಿಲ್ಲ. ಜೇಬಿನಲ್ಲಿ 1,000 ರಿಂಗಿಟ್‌ಗಿಂತ ಜಾಸ್ತಿ ನೋಟು ಇಟ್ಟುಕೊಂಡು ವಿಮಾನ ಹತ್ತುವಂತಿಲ್ಲ. ಮುಂದಿನ ಸಲ ಊರಿಗೆ ಹೊರಟಾಗ ಏರ್‌ಪೋರ್ಟಿನ ಮೂಲೆಯಲ್ಲಿ ನಿಂತು ಕಳ್ಳನ ಹಾಗೆ ನೋಟು ಎಣಿಸಿದ್ದೆ. ಆಗ ಬಾಯಿತುಂಬ ಬೈದಿದ್ದೆ.

ಈಗ ಬೈಯುವುದಿಲ್ಲ. ಸಾಲ ಕೊಟ್ಟ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹೇಳಿದಂತೆ ಕೇಳಿದ ದಕ್ಷಿಣ ಕೊರಿಯಾ ಕೂಡ 1999ರಲ್ಲೇ ಎದ್ದು ನಿಂತಿತು, ಹಾಗಾಗಿ ಎಲ್ಲಾ ಆ ಬಾಗಿಲಿನ ಮಹಿಮೆ ಅನ್ನಲಾರೆ. ಆದರೆ ಆ ಬಿಡುವಿನಲ್ಲಿ ಮಲೇಷ್ಯಾದವರು ಸುಮ್ನೆ ಕೂರಲಿಲ್ಲ. ಬಡ್ಡಿ ಇಳಿಸಿದರು, ಅದಕ್ಕಂತಲೇ ಸ್ವಲ್ಪ ಮೊದಲು ಮಾಡಿದ್ದ ಬೇರೆ ಸಂಸ್ಥೆಯ ಮೂಲಕ ಬ್ಯಾಂಕುಗಳ ಕೆಟ್ಟ ಸಾಲ ತೆಗೆದುಕೊಂಡರು. ಗಲ್ಲಾಪೆಟ್ಟಿಗೆ ಮುಂದೆ ಕೂತವರನ್ನು ಎಬ್ಬಿಸಿ, ಕಿರ್ದಿ ಪುಸ್ತಕ ಸರಿಮಾಡಿಕೊಂಡ ಹಾಗೆ. ದೊಡ್ಡಪ್ಪನಿಗೆ ಆ ಅವಕಾಶ ಯಾರೂ ಕೊಡಲಿಲ್ಲ ನೋಡಿ.

2005ರ ಜುಲೈನಲ್ಲಿ 3.80ರ ಕಟ್ಟು ಬಿಚ್ಚಿದ ಸುದ್ದಿ ಹೇಳೋಣ ಅಂತ ಅವರಿಗೆ ಫೋನ್ ಮಾಡಿದೆ. 'ಅವರದು ಮುಗೀತಾ?' ಅಂದರು. 'ನನ್ನ ಗೋದಾಮಿನ ಸಾಲ ಇನ್ನೂ ಎರಡು ಕಂತು ಐತಿ.'